70 ರೂಪಾಯಿ ಪಾಸಿನಲ್ಲಿ ಪ್ಲೇಗಿನ ಬೆಂಗಳೂರು

2020ರ ದೀಪಾವಳಿಗೆ ಇನ್ನೊಂದು ವಾರ ಇತ್ತು. ಊರಿಗೆ ಬರ್ತೀನಿ ಅಂತ ಅಮ್ಮನಿಗೆ ಫೋನ್ ಮಾಡಿದೆ. ನಮ್ಮೂರು ತಿಪಟೂರಿನ ಆಚೆ, ಬೆಂಗಳೂರಿಂದ ನಾಲ್ಕು ಗಂಟೆ ದಾರಿ ಅಷ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಈಗ ಬರ್ಬೇಡ ಕಣಪ್ಪ. ನಿಮ್ಮಪ್ಪಂಗೆ ಮೊದ್ಲೇ ಉಬ್ಬಸ. ಎಲ್ಲಾ ತಣ್ಣಗಾದ್ಮೇಲೆ ಬಂದ್ರಾಯ್ತು" ಅಂದಳು.

ಬೇಜಾರಾಗಲಿಲ್ಲ ಅಂದರೆ ಸುಳ್ಳಾದೀತು. ಆದರೆ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮಾರ್ಚ್‌ನಿಂದ ಒಂದೇ ಕೋಣೆ, ಒಂದೇ ಕಿಟಕಿ, ಒಂದೇ ಲ್ಯಾಪ್‌ಟಾಪು. ಹಬ್ಬದ ದಿನ ಒಬ್ಬನೇ ಕೂತು ಒಬ್ಬಟ್ಟಿನ ಫೋಟೋ ನೋಡುವುದಕ್ಕಿಂತ ಎಲ್ಲಾದರೂ ತಿರುಗಿ ಬರೋಣ ಅನ್ನಿಸಿತು. ದೂರ ಹೋಗುವ ಹಾಗಿಲ್ಲ, ಯಾರ ಮನೆಗೂ ಹೋಗುವ ಹಾಗಿಲ್ಲ, ಲಾಡ್ಜಿನಲ್ಲಿ ಉಳಿಯಲು ಧೈರ್ಯವೂ ಇಲ್ಲ ದುಡ್ಡೂ ಇಲ್ಲ (ಸಂಬಳ ಕಡಿತವಾಗಿತ್ತು). ಉಳಿದದ್ದು ಬಿಎಂಟಿಸಿ. ಸಾಮಾನ್ಯ ಬಸ್ಸಿನ ದಿನದ ಪಾಸು ಆಗ 70 ರೂಪಾಯಿ ಇತ್ತು. ಡಬ್ಬಿಯಲ್ಲಿ ಚಿತ್ರಾನ್ನ, ಬಾಟಲಿಯಲ್ಲಿ ನೀರು, ಮೂಗಿನ ಮೇಲೆ ಮಾಸ್ಕು, ಕಿಟಕಿ ಪಕ್ಕದ ಸೀಟು. ಒಬ್ಬನೇ ಹೋಗಬೇಕು, ಕತ್ತಲಾಗುವುದರೊಳಗೆ ವಾಪಸ್ ಬರಬೇಕು, ಒಟ್ಟು ಖರ್ಚು 100 ರೂಪಾಯಿ ದಾಟಬಾರದು. ನನಗೆ ನಾನೇ ಹಾಕಿಕೊಂಡ ನಿಯಮ ಇಷ್ಟು. ಆ ಚಳಿಗಾಲದ ಹೆಚ್ಚುಕಡಿಮೆ ಎಲ್ಲ ಶನಿವಾರಗಳೂ ಹೀಗೇ ಕಳೆದವು.

ಮೊದಲ ಶನಿವಾರ ಗೊತ್ತುಗುರಿ ಇಲ್ಲದೆ ಕಲಾಸಿಪಾಳ್ಯದ ಕಡೆ ಇಳಿದೆ. ಎದುರಿಗೇ ವಿಕ್ಟೋರಿಯಾ ಆಸ್ಪತ್ರೆ. ಆಗ ಅದು ಕೊರೋನಾಕ್ಕೆಂದೇ ಮೀಸಲಾಗಿದ್ದ ಆಸ್ಪತ್ರೆ, ಒಳಗೆ ಹೋಗುವ ಮಾತೇ ಇರಲಿಲ್ಲ. ರಸ್ತೆಯ ಈಚೆ ಬದಿ ನಿಂತು ಆ ಹಳೇ ಕಟ್ಟಡವನ್ನು ನೋಡುತ್ತಿದ್ದಾಗ, ಹಿಂದೆ ಯಾವಾಗಲೋ ಓದಿದ್ದ ಎರಡು ಇಸವಿಗಳು ನೆನಪಾದವು. ಇದಕ್ಕೆ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದ್ದು 1897ರ ಜೂನ್‌ನಲ್ಲಿ, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷವಾದ ನೆನಪಿಗೆ. ಲಾರ್ಡ್ ಕರ್ಜನ್ ಬಂದು ಉದ್ಘಾಟಿಸಿದ್ದು 1900ರ ಡಿಸೆಂಬರ್‌ನಲ್ಲಿ. ಅಡಿಗಲ್ಲಿಗೂ ಉದ್ಘಾಟನೆಗೂ ನಡುವೆ ಮೂರೂವರೆ ವರ್ಷ. ಆ ಮೂರೂವರೆ ವರ್ಷದಲ್ಲೇ ಬೆಂಗಳೂರಿಗೆ ಪ್ಲೇಗು ಬಂದಿದ್ದು! ಊರಿಗೆ ಅತ್ಯಂತ ಬೇಕಾಗಿದ್ದಾಗ ಈ ಆಸ್ಪತ್ರೆ ಇನ್ನೂ ಕಟ್ಟುವ ಹಂತದಲ್ಲಿತ್ತು.

ಅಲ್ಲಿಂದ ಶುರುವಾಯಿತು ನೋಡಿ. ವಾರವೆಲ್ಲಾ ರಾತ್ರಿ ಪ್ಲೇಗಿನ ಬಗ್ಗೆ ಓದುವುದು, ಶನಿವಾರ ಆ ಜಾಗಕ್ಕೆ ಹೋಗುವುದು.

ರೈಲಿನಲ್ಲಿ ಬಂದ ರೋಗ

ಕಥೆ ಶುರುವಾಗುವುದು ನಮ್ಮೂರಿಂದ ಬಹಳ ದೂರದಲ್ಲಿ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿತು. ಅದೇ ವರ್ಷ ಅಲೆಕ್ಸಾಂಡರ್ ಯೆರ್ಸಿನ್ ಅಲ್ಲಿಯೇ ರೋಗದ ಕ್ರಿಮಿಯನ್ನು ಗುರುತಿಸಿದ. ಎರಡು ವರ್ಷ ಕಳೆದು 1896ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿಯ ಮಾಂಡ್ವಿಯಲ್ಲಿ ಕಾಣಿಸಿಕೊಂಡಿತು. ಹಡಗಿನಲ್ಲಿ ಬಂದದ್ದು ಅಲ್ಲಿಂದ ರೈಲು ಹತ್ತಿತು. ಕೆಲವೇ ತಿಂಗಳಲ್ಲಿ ಬೊಂಬಾಯಿಯ ಸುಮಾರು ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. 2020ರ ಮಾರ್ಚ್ ಕೊನೆಯಲ್ಲಿ ತಲೆ ಮೇಲೆ ಚೀಲ ಹೊತ್ತು ಹೆದ್ದಾರಿಯಲ್ಲಿ ನಡೆದು ಹೋದವರನ್ನು ಟೀವಿಯಲ್ಲಿ ನೋಡಿದ್ದೀರಲ್ಲ, ಅವರ ಮುತ್ತಾತಂದಿರ ಕಾಲದ ಚಿತ್ರ ಅದು.

1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಅವಸರದಲ್ಲಿ ತಂದಿತು. ನಾಲ್ಕೇ ನಾಲ್ಕು ಕಲಮುಗಳ ಪುಟ್ಟ ಕಾಯ್ದೆ. ರೈಲಿನ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸಬಹುದು, ಅನುಮಾನ ಬಂದವರನ್ನು ಬೇರೆ ಇಡಬಹುದು, ಅಧಿಕಾರಿ ಒಳ್ಳೆಯ ಉದ್ದೇಶದಿಂದ ಏನೇ ಮಾಡಿದರೂ ಅವನ ಮೇಲೆ ದಾವೆ ಹೂಡುವ ಹಾಗಿಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕೊರೋನಾ ನಿಯಮಗಳನ್ನು ಹೊರಡಿಸಿದ್ದು ಇದೇ ಕಾಯ್ದೆಯ ಹೆಸರಿನಲ್ಲಿ. 123 ವರ್ಷ ಹಳೆಯ ಕೊಡೆ, ಮಳೆ ಬಂದಾಗ ಅಟ್ಟದಿಂದ ಇಳಿಸಿದ ಹಾಗೆ.

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ, ಹರಿಹರ, ಅರಸೀಕೆರೆ, ತುಮಕೂರು ಹಾದು ಬೆಂಗಳೂರಿಗೆ ಬರುವ ಮೀಟರ್ ಗೇಜ್ ಹಳಿಗೆ ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಹರಿಹರದ ತುಂಗಭದ್ರೆಯ ಆಚೆ ಬೊಂಬಾಯಿ ಪ್ರಾಂತ್ಯ, ಈಚೆ ಮೈಸೂರು ಸಂಸ್ಥಾನ. ಹುಬ್ಬಳ್ಳಿಯಲ್ಲಿ ಪ್ಲೇಗು ಜೋರಾಗಿತ್ತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೊದಲ ಪ್ರಕರಣ ದಾಖಲಾಯಿತು. ರೋಗಿ ಯಾರು ಗೊತ್ತಾ? ಹುಬ್ಬಳ್ಳಿ ಕಡೆಯಿಂದ ಬಂದಿದ್ದ, ರೈಲ್ವೆ ಅಧಿಕಾರಿಯೊಬ್ಬರ ಬಟ್ಲರ್.

ನಾನು ಓದಿದ ಕಡೆಯಲ್ಲೆಲ್ಲಾ ಅವನನ್ನು ಬಟ್ಲರ್ ಅಂತಷ್ಟೇ ಕರೆದಿದ್ದಾರೆ. ಯಾರ ಬಟ್ಲರ್ ಅನ್ನುವುದಿದೆ, ಎಲ್ಲಿಂದ ಬಂದ ಅನ್ನುವುದಿದೆ. ಯಾಕೆ ಬಂದ ಅನ್ನುವುದಿಲ್ಲ. ದೊರೆಯ ಜೊತೆ ಬಂದನೋ, ಹೆಂಡತಿ ಮಕ್ಕಳನ್ನು ನೋಡಲು ಬಂದನೋ, ರೋಗದ ಊರಿನಿಂದ ತಪ್ಪಿಸಿಕೊಂಡು ಬಂದನೋ. ಆ ಬಟ್ಲರ್ ಆ ಇಡೀ ಚಳಿಗಾಲ ನನ್ನ ತಲೆಯಲ್ಲಿ ಕೂತುಬಿಟ್ಟಿದ್ದ. ಖಾಲಿ ಬಸ್ಸಿನಲ್ಲಿ ಒಬ್ಬನೇ ಕೂತಾಗ ಪಕ್ಕದ ಸೀಟಿನಲ್ಲಿ ಅವನೂ ಇದ್ದ ಹಾಗೆ.

ಎಲ್ಲಿಂದ ಬಂದಿರಿ?

ಆ ಕಾಲದ ಪ್ರಯಾಣಿಕರ ಪಾಡನ್ನು ಓದುತ್ತಿದ್ದರೆ ಇದು ನಮ್ಮದೇ ಕಥೆಯಲ್ಲವೇ ಅನ್ನಿಸುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ರೈಲು ನಿಲ್ಲಿಸಿ, ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ, ಕಂಕುಳು ತೊಡೆಸಂದಿಗಳಲ್ಲಿ ಗಡ್ಡೆ ಇದೆಯೇ ಅಂತ ಮುಟ್ಟಿ ನೋಡುತ್ತಿದ್ದರು. ಹೆಂಗಸರನ್ನೂ ಹೀಗೆ ನೋಡಲು ಹೊರಟಾಗ ಬೊಂಬಾಯಿ, ಪುಣೆಗಳಲ್ಲಿ ಜನ ಕೆರಳಿದರು. ಪುಣೆಯ ಪ್ಲೇಗ್ ಅಧಿಕಾರಿ ರ್ಯಾಂಡ್‌ನನ್ನು 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡಿಕ್ಕಿದ್ದಕ್ಕೆ ಈ ಸಿಟ್ಟೇ ಮೂಲ.

ದಕ್ಷಿಣದಲ್ಲಿ 'ಪ್ಲೇಗ್ ಪಾಸ್‌ಪೋರ್ಟ್' ಬಂತು. ರೋಗದ ಊರಿನಿಂದ ಬಂದವನ ಕೈಗೆ ಒಂದು ಚೀಟಿ. ಹೋದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಿ ನಾನು ಸೌಖ್ಯವಾಗಿದ್ದೇನೆ ಅಂತ ತೋರಿಸಬೇಕು. ನಮ್ಮ ಕಾಲದಲ್ಲಿ ಸೇವಾಸಿಂಧುವಿನಲ್ಲಿ ಹೆಸರು ಬರೆಸಿ, ಕೈಗೆ ಶಾಯಿಯ ಮುದ್ರೆ ಒತ್ತಿಸಿಕೊಂಡು, 14 ದಿನ ಮನೆಯಲ್ಲಿ ಕೂತದ್ದು ನೆನಪಿದೆಯಲ್ಲ? 2020ರ ಆಗಸ್ಟ್ ಕೊನೆಯಲ್ಲಿ ಅದನ್ನು ತೆಗೆದುಹಾಕಿದರು. ಚೀಟಿಯ ಬದಲು ಮೊಬೈಲು, ಹತ್ತರ ಬದಲು ಹದಿನಾಲ್ಕು. ಪ್ರಶ್ನೆ ಮಾತ್ರ ಅದೇ: ಎಲ್ಲಿಂದ ಬಂದಿರಿ?

ತಪ್ಪು ಅನ್ನುತ್ತಿಲ್ಲ. ರೋಗ ಹಬ್ಬುವಾಗ ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಮೊದಲ ದರ್ಜೆಯಲ್ಲಿ ಬಂದವನಿಗೂ ಮೂರನೇ ದರ್ಜೆಯಲ್ಲಿ ಬಂದವನಿಗೂ ಆ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಕೇಳಲಿಲ್ಲ, 1898ರಲ್ಲೂ, 2020ರಲ್ಲೂ.

ಖಾಲಿಯಾದ ಊರು, ಹುಟ್ಟಿದ ಬಡಾವಣೆ

ಆಗ ಬೆಂಗಳೂರೆಂದರೆ ಎರಡು ಊರು. ಪೇಟೆ ಮೈಸೂರು ಮಹಾರಾಜರದು, ದಂಡು ಬ್ರಿಟಿಷ್ ರೆಸಿಡೆಂಟರ ಕೈಲಿ. ಪ್ಲೇಗಿಗೆ ಈ ಗಡಿ ಗೊತ್ತಿರಲಿಲ್ಲ. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ, ಧಾನ್ಯದ ಮಂಡಿಗಳ ಸುತ್ತ ಇಲಿಗಳು ಬಿದ್ದವು, ಹಿಂದೆಯೇ ಮನುಷ್ಯರು. ಎರಡೂ ಸೇರಿ 1891ರ ಜನಗಣತಿಯಲ್ಲಿ 1,80,366 ಜನರಿದ್ದ ಊರು 1901ರಲ್ಲಿ 1,59,046ಕ್ಕೆ ಇಳಿದಿತ್ತು. ಮೈಸೂರು ನಗರ 74,048ರಿಂದ 68,111ಕ್ಕೆ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಊರುಗಳು ಕುಗ್ಗಿದ್ದವು. ಕಡಿಮೆಯಾದವರೆಲ್ಲಾ ಸತ್ತವರಲ್ಲ, ಹೆದರಿ ಊರು ಬಿಟ್ಟು ವಾಪಸ್ ಬಾರದವರೂ ಅದರಲ್ಲಿದ್ದಾರೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು (ಮುಂದೆ 1906ರಲ್ಲಿ ಅವರೇ ದಿವಾನರಾದರು). ನಗರಕ್ಕೊಬ್ಬ ಆರೋಗ್ಯಾಧಿಕಾರಿ ಬಂದರು, ಊರನ್ನು ನಾಲ್ಕು ವಾರ್ಡುಗಳಾಗಿ ಹಂಚಿದರು. ಪ್ಲೇಗ್ ಕೆಲಸಕ್ಕೆ ಅನುಕೂಲವಾಗಲೆಂದು ಟೆಲಿಫೋನ್ ತಂತಿ ಎಳೆದರು. ಹೌದು, ಬೆಂಗಳೂರಿನಲ್ಲಿ ಟೆಲಿಫೋನು ಮೊದಮೊದಲು ಗುಣುಗುಟ್ಟಿದ್ದು ಯಾವ ವಾರ್ಡಿನಲ್ಲಿ ಎಷ್ಟು ಹೆಣ ಅನ್ನುವ ಲೆಕ್ಕವನ್ನು!

ಮುಂದಿನ ಎರಡು ಶನಿವಾರ ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೋದೆ. ಎರಡೂ ಬಡಾವಣೆಗಳ ಯೋಚನೆ ಪ್ಲೇಗಿಗಿಂತ ಮೊದಲೇ ಇತ್ತು, ಆದರೆ ಕೆಲಸ ಚುರುಕಾಗಿದ್ದು 1898ರಲ್ಲಿ. ದೊಡ್ಡ ಬಸವಣ್ಣನ ಹೆಸರಿನಲ್ಲೊಂದು, ಕಾಡು ಮಲ್ಲೇಶ್ವರನ ಹೆಸರಿನಲ್ಲೊಂದು. ಪೇಟೆಯ ಉಸಿರುಗಟ್ಟುವ ಸಂದಿಗೆ ಉತ್ತರವಾಗಿ ಅಗಲ ರಸ್ತೆ, ಮನೆ ಮನೆಗೂ ಜಾಗ, ಗಾಳಿ, ಬೆಳಕು. ಮನೆಗಳ ಹಿಂದೆ ಕನ್ಸರ್ವೆನ್ಸಿ ಅಂತ ಕರೆಯುವ ಸಣ್ಣ ಗಲ್ಲಿಗಳಿವೆ ನೋಡಿ, ಈಗ ಸ್ಕೂಟರ್ ನಿಲ್ಲಿಸುತ್ತಾರೆ, ಕಸ ಎಸೆಯುತ್ತಾರೆ. ಅವು ಮಲ ಹೊರುವವರು ಮುಂದಿನ ಬೀದಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಬಿಟ್ಟ ದಾರಿಗಳು. ಊರಿನ ಆರೋಗ್ಯ ಯಾರ ಬೆನ್ನ ಮೇಲೆ ನಿಂತಿತ್ತು ಅನ್ನುವುದಕ್ಕೆ ಆ ಗಲ್ಲಿಗಳಿಗಿಂತ ಬೇರೆ ಸಾಕ್ಷಿ ಬೇಡ.

ಮಲ್ಲೇಶ್ವರದ ಅಂಥದೊಂದು ಗಲ್ಲಿಯ ತುದಿಯಲ್ಲಿ, ಹೊಂಗೆ ಮರದ ಕೆಳಗೆ ಚಿತ್ರಾನ್ನದ ಡಬ್ಬಿ ತೆರೆದಿದ್ದೆ. ಮನೆಯೊಂದರ ಹಿತ್ತಲಿನಿಂದ ಹಿರಿಯರೊಬ್ಬರು ಇಣುಕಿ "ಯಾವ ಕಡೆಯವರಪ್ಪಾ?" ಅಂದರು. ತಿಪಟೂರು ಅಂದೆ. "ಅಲ್ಲಿಂದ ಈಗ ಬಂದ್ರಾ?" ಅಂತ ಒಂದು ಹೆಜ್ಜೆ ಹಿಂದೆ ಸರಿದರು. ಇಲ್ಲ ಸಾರ್, ಇಲ್ಲೇ ಇಪ್ಪತ್ತು ವರ್ಷದಿಂದ ಇದ್ದೀನಿ ಅಂದ ಮೇಲೆ ಸಮಾಧಾನವಾಯಿತು. ಆಮೇಲೆ ಅರ್ಧ ಗಂಟೆ ಮಾತಾಡಿದೆವು, ಗೋಡೆಯ ಆಚೆ ಅವರು, ಈಚೆ ನಾನು.

ಉಳಿದವರೊಬ್ಬರು, ಹೊರಟವರೊಬ್ಬರು

ಡಿಸೆಂಬರ್ ಎರಡನೇ ಶನಿವಾರ ಎಲ್ಲೂ ಹೋಗಲಾಗಲಿಲ್ಲ. ಸಾರಿಗೆ ನೌಕರರ ಮುಷ್ಕರ, 11ರಿಂದ ನಾಲ್ಕು ದಿನ ಬಸ್ಸೇ ಇಲ್ಲ. ಮನೆಯಲ್ಲೇ ಕೂತು ಓದಿದೆ. ಆಗ ಸಿಕ್ಕಿದವರು ಡಾಕ್ಟರ್ ಪಲ್ಪು.

ಪಲ್ಪು ತಿರುವನಂತಪುರದವರು, ಹುಟ್ಟಿದ್ದು 1863ರಲ್ಲಿ. ಜಾತಿಯಲ್ಲಿ ಈಳವರು. ಆ ಕಾರಣಕ್ಕೇ ತಿರುವಾಂಕೂರಿನಲ್ಲಿ ವೈದ್ಯಕೀಯ ಓದಲು ಬಿಡಲಿಲ್ಲ. ಮದ್ರಾಸಿಗೆ ಹೋಗಿ ಓದಿ ಡಾಕ್ಟರಾಗಿ ಬಂದರೆ ಸರ್ಕಾರಿ ಕೆಲಸ ಕೊಡಲಿಲ್ಲ. ಕೆಲಸ ಕೊಟ್ಟಿದ್ದು ನಮ್ಮ ಮೈಸೂರು ಸಂಸ್ಥಾನ. ಇಲ್ಲಿ ನೌಕರಿಯಲ್ಲಿದ್ದುಕೊಂಡೇ 1896ರಲ್ಲಿ 13,176 ಜನರ ಸಹಿ ಮಾಡಿಸಿ, ಈಳವರಿಗೂ ಶಾಲೆ, ಸರ್ಕಾರಿ ಕೆಲಸ ಕೊಡಿ ಅಂತ ತಿರುವಾಂಕೂರಿನ ಮಹಾರಾಜರಿಗೆ ಮನವಿ ಕಳಿಸಿದವರು. ಪ್ಲೇಗು ಬಂದಾಗ ಅವರು ಬೆಂಗಳೂರಿನಲ್ಲೇ ಉಳಿದು ಪ್ಲೇಗ್ ಕ್ಯಾಂಪಿನ ಹೊಣೆ ಹೊತ್ತು ಕೆಲಸ ಮಾಡಿದರು. ತನ್ನ ಸ್ವಂತ ನಾಡಿನಲ್ಲಿ ರೋಗಿಯ ನಾಡಿ ಹಿಡಿಯಲು ಬಿಡದ ಮನುಷ್ಯ, ಕಂಡವರೆಲ್ಲಾ ಓಡಿಹೋಗುತ್ತಿದ್ದ ಊರಿನಲ್ಲಿ ನಿಂತು ರೋಗಿಗಳ ಪಕ್ಕ ಕೂತರು.

ಅದೇ ಸಮಯದಲ್ಲಿ ಪಲ್ಪು ಅವರ ಆಶ್ರಯದಲ್ಲಿ ಇನ್ನೊಬ್ಬ ತರುಣ ಬೆಂಗಳೂರಿನಲ್ಲಿದ್ದ. ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಮೂರು ವರ್ಷದಿಂದ ಓದುತ್ತಿದ್ದ. ವಯಸ್ಸು 25. ಪ್ಲೇಗು ಬಂದದ್ದರಿಂದ ಓದು ಅರ್ಧಕ್ಕೆ ನಿಂತಿತು, ಊರು ಬಿಟ್ಟ, ಕಡೆಗೆ ಕಲ್ಕತ್ತೆ ಸೇರಿ ಓದು ಮುಂದುವರಿಸಿದ. ಆ ಹುಡುಗ ಮುಂದೆ ಮಲಯಾಳದ ಮಹಾಕವಿ ಕುಮಾರನ್ ಆಶಾನ್. ಪ್ಲೇಗಿನಿಂದ ಓಡಿದವರೆಲ್ಲಾ ಹೇಡಿಗಳಲ್ಲ, ಉಳಿದವರೆಲ್ಲಾ ಮೂರ್ಖರಲ್ಲ. ಇಬ್ಬರಿಗೂ ಅವರವರ ಕಾರಣವಿತ್ತು. ಇವರ ಹೆಸರು ಉಳಿದಿರುವುದರಿಂದ ಕಾರಣವೂ ಉಳಿದಿದೆ ಅಷ್ಟೆ. ಬಟ್ಲರನ ಕಾರಣ ಅವನ ಜೊತೆಗೇ ಹೋಯಿತು.

ಸೂಜಿ ಮತ್ತು ದೇವಿ

ಡಿಸೆಂಬರ್ ಕೊನೆಗೆ ರಾತ್ರಿ ಕರ್ಫ್ಯೂ ಅಂತ ಹೇಳಿದರು, ಮಾರನೇ ದಿನವೇ ಇಲ್ಲ ಅಂದರು. ಯಾವುದಕ್ಕೂ ಇರಲಿ ಅಂತ ಹತ್ತಿರದ ತ್ಯಾಗರಾಜನಗರಕ್ಕೆ ಹೋದೆ, ಪ್ಲೇಗಮ್ಮನ ಗುಡಿ ನೋಡಲು. ಹೆಸರೇ ಪ್ಲೇಗಮ್ಮ. ಪ್ಲೇಗ್ ಅನ್ನುವ ಇಂಗ್ಲಿಷ್ ಪದಕ್ಕೆ ಅಮ್ಮ ಸೇರಿಸಿ, ಅರಿಸಿನ ಕುಂಕುಮ ಹಚ್ಚಿ ಒಲಿಸಿಕೊಂಡ ನಮ್ಮ ಜನರ ಜಾಣತನ ನೋಡಿ. ಸಿಡುಬಿಗೆ ಮಾರಮ್ಮ ಮೊದಲೇ ಇದ್ದಳು, ಹೊಸ ರೋಗಕ್ಕೆ ಅವಳ ತಂಗಿಯೊಬ್ಬಳು ಬಂದಳು. ರೋಗ ಹೋಯಿತು, ದೇವಿ ಉಳಿದಳು. ನಾನು ಹೋದಾಗ ಒಂದಿಬ್ಬರು ಹೆಂಗಸರು ಮಾಸ್ಕ್ ಹಾಕಿಕೊಂಡೇ ಕೈಮುಗಿಯುತ್ತಿದ್ದರು. ಅದರಲ್ಲಿ ನನಗೆ ವಿಚಿತ್ರ ಅನ್ನಿಸಲಿಲ್ಲ. ಎರಡನ್ನೂ ಮಾಡುವುದು ನಮ್ಮ ಹಳೇ ಅಭ್ಯಾಸ.

ಯಾಕೆಂದರೆ ಪ್ಲೇಗಿಗೂ ಲಸಿಕೆ ಬಂದಿತ್ತು. ವಾಲ್ಡೆಮಾರ್ ಹಾಫ್‌ಕಿನ್ ಬೊಂಬಾಯಿಯಲ್ಲಿ ಅದನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡ. ರೋಗ ಶುರುವಾಗಿ ನಾಲ್ಕೇ ತಿಂಗಳಲ್ಲಿ! 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಈ ಲಸಿಕೆ ಹಾಕಿದರು, ಡಾಕ್ಟರ್ ಲ್ಯೂಮನ್ ಎಂಬ ಮಿಲಿಟರಿ ವೈದ್ಯರ ನೇತೃತ್ವದಲ್ಲಿ. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾದದ್ದು ಕಂಡು ಬೇರೆ ಊರಿನವರೂ ಹುಬ್ಬಳ್ಳಿಯ ಕಡೆ ನೋಡಿದರು. ಬೊಂಬಾಯಿ ಪ್ರಾಂತ್ಯದಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಒಂದು ಪತ್ರ ಕೊಡುತ್ತಿದ್ದರು. ಅದಿದ್ದರೆ ಪ್ರಯಾಣದಲ್ಲಿ ತಡೆದಿಡುವ ಕಾಟ ಕಡಿಮೆ. ಇದೂ ಎಲ್ಲೋ ನೋಡಿದ ಹಾಗಿದೆ ಅಲ್ಲವೇ?

ಜೊತೆಗೇ ಗಾಳಿಸುದ್ದಿಗಳು. ಆಸ್ಪತ್ರೆಗೆ ಹೋದವರನ್ನು ಕೊಂದು ಎಣ್ಣೆ ತೆಗೆಯುತ್ತಾರಂತೆ ಅನ್ನುವ ಸುದ್ದಿ ಬೊಂಬಾಯಿಯಲ್ಲಿ ಹಬ್ಬಿತ್ತು. ಹೆದರಿಕೆಗೆ ಪೂರ್ತಿ ಕಾರಣ ಇರಲಿಲ್ಲ ಅನ್ನುವಂತೆಯೂ ಇಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್ ತಲೆಗೆ ಕಟ್ಟಿ ಕೆಲಸದಿಂದ ದೂರವಿಟ್ಟರು. ಅವನದಲ್ಲ ಅಂತ ತೀರ್ಮಾನವಾಗಲು 1907 ಬರಬೇಕಾಯಿತು.

ಜನವರಿಯಲ್ಲೊಂದು ದಿನ ನನ್ನ 100 ರೂಪಾಯಿ ನಿಯಮ ಮುರಿದು ಕೆಂಪು ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಟಿಪ್ಪುವಿನ ಕೋಟೆ ನೋಡಲು ಅಲ್ಲ. 1898ರ ಕೊನೆಯಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದ ಊರು ಅದು. ಶಾಂತವಾಗಿತ್ತು ಅಂತ ನಾವು ಹೆಮ್ಮೆಪಡುವ ಮೈಸೂರು ಸಂಸ್ಥಾನದಲ್ಲೂ, ಮನೆಯಿಂದ ಎಬ್ಬಿಸಿ ಕ್ಯಾಂಪಿಗೆ ಹಾಕುವುದನ್ನು ಜನ ಸುಮ್ಮನೆ ಸಹಿಸಲಿಲ್ಲ. ಕೋಟೆಯ ಹೊರಗೆ ಕಾವೇರಿ ದಡದಲ್ಲಿ ಕೂತು ಬುತ್ತಿ ಉಂಡು ಸಂಜೆ ಬಸ್ಸಿಗೆ ವಾಪಸ್ಸಾದೆ. ಅಲ್ಲಿ ಆ ದಂಗೆಯ ಗುರುತಾಗಿ ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಯುದ್ಧದಲ್ಲಿ ಸತ್ತವರಿಗೆ ಊರ ತುಂಬ ಕಲ್ಲುಗಳಿವೆ, ರೋಗದಲ್ಲಿ ಸತ್ತವರಿಗೆ ಒಂದೂ ಕಾಣಲಿಲ್ಲ.

ಇಲಿ ಬಿದ್ದರೆ ಊರು ಬಿಡು

ಕೊನೆಯ ತಿರುಗಾಟ ಫ್ರೇಜರ್ ಟೌನಿಗೆ, ಅಂದರೆ ಈಗಿನ ಪುಲಕೇಶಿನಗರಕ್ಕೆ. ದಿನಾಂಕ ಚೆನ್ನಾಗಿ ನೆನಪಿದೆ, 2021ರ ಜನವರಿ 16, ಶನಿವಾರ. ದೇಶದಲ್ಲಿ ಕೊರೋನಾ ಲಸಿಕೆ ಶುರುವಾದ ದಿನ. 1910ರ ಹೊತ್ತಿಗೆ ದಂಡು ಪ್ರದೇಶದ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಎಂಬಾತ ಪ್ಲೇಗು ಹತ್ತಿರ ಸುಳಿಯದಂಥ ಊರು ಕಟ್ಟುತ್ತೇನೆ ಅಂತ ಹೊರಟು ರೂಪಿಸಿದ ಬಡಾವಣೆ ಇದು. ಇಲಿ ತೂರದಂಥ ನೆಲ, ಗೋಡೆ, ಚಾವಣಿ. ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದು 1914ರಲ್ಲಿ ಅಚ್ಚು ಹಾಕಿಸಿದ.

ಇಲಿಯ ಮೇಲೆ ಇಷ್ಟು ಗಮನ ಯಾಕೆಂದರೆ, ಅಷ್ಟು ಹೊತ್ತಿಗೆ ರೋಗದ ದಾರಿ ಗೊತ್ತಾಗಿತ್ತು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಬರುತ್ತದೆ ಅಂತ ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲೇ. ಆಗ ಬಹಳ ಜನ ನಂಬಲಿಲ್ಲ. 1905ರ ನಂತರ ಭಾರತದಲ್ಲೇ ನಡೆದ ಸಂಶೋಧನೆಗಳು ಅದನ್ನು ಖಚಿತಪಡಿಸಿದವು. ಅಂದರೆ ಬೆಂಗಳೂರಿನಲ್ಲಿ ಜನ ಸಾಯುತ್ತಿದ್ದ ದಿನಗಳಲ್ಲಿ, ಮನುಷ್ಯರನ್ನು ಸಾಲಾಗಿ ನಿಲ್ಲಿಸಿ ಮೈ ತಡಕುತ್ತಿದ್ದ ದಿನಗಳಲ್ಲಿ, ಚಿಗಟ ಧಾನ್ಯದ ಮೂಟೆಯ ಜೊತೆ ಟಿಕೆಟ್ಟಿಲ್ಲದೆ ಆರಾಮಾಗಿ ಪ್ರಯಾಣ ಮಾಡುತ್ತಿತ್ತು. ಬೈಗುಳ ಮಾತ್ರ ಮೂರನೇ ದರ್ಜೆಯ ಪ್ರಯಾಣಿಕನಿಗೆ. ದೇಶದಾದ್ಯಂತ ಆ ಕೆಲವು ದಶಕಗಳಲ್ಲಿ ಪ್ಲೇಗಿಗೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಆದರೆ ನಮ್ಮ ಹಳ್ಳಿಯವರಿಗೆ ಒಂದು ವಿಷಯ ಗೊತ್ತಿತ್ತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಡು. ಊರಾಚೆ ಹೊಲದಲ್ಲಿ ಗರಿಯ ಶೆಡ್ಡು ಹಾಕಿಕೊಂಡು ತಿಂಗಳುಗಟ್ಟಲೆ ಇರು. ಭೈರಪ್ಪನವರ 'ಗೃಹಭಂಗ' ಓದಿದವರಿಗೆ ಆ ದಿನಗಳು ಗೊತ್ತು. ಅವರ ಸ್ವಂತ ಮನೆಯವರನ್ನೇ ಪ್ಲೇಗು ಕೊಂಡೊಯ್ದಿತ್ತು.

ಗೊತ್ತು ಅಂದೆನಲ್ಲ, ನನಗೂ ಗೊತ್ತು. ನಮ್ಮ ಅಜ್ಜಿ (ಅಪ್ಪನ ಅಮ್ಮ) ಹೇಳುತ್ತಿದ್ದ ಕಥೆ ಇದು. ಅವಳಿಗಾಗ ಎಂಟೋ ಒಂಬತ್ತೋ ವರ್ಷ. ರಾಗಿ ಕೊಯ್ಲು ಮುಗಿದ ಚಳಿಗಾಲ. ಊರಲ್ಲಿ 'ಪಿಲೇಗು' ಅಂತ ಎಲ್ಲರೂ ಕೆರೆಯಾಚೆ ಶೆಡ್ಡುಗಳಲ್ಲಿದ್ದರು. ಅವಳ ಅಣ್ಣ ಅರಸೀಕೆರೆಯ ಮಂಡಿಯೊಂದರಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ರೈಲು ಹಳಿಯ ಪಕ್ಕ ನಡೆದುಕೊಂಡು ಒಬ್ಬನೇ ಬಂದ. ಮಂಡಿ ಅಂದರೆ ಮೂಟೆ, ಮೂಟೆ ಅಂದರೆ ಇಲಿ. ಊರವರು ಕೂಡಿ ಒಳಗೆ ಬರಬೇಡ ಅಂದರು. ಅವನ ತಾಯಿ ಎಲೆಯಲ್ಲಿ ಮುದ್ದೆ, ಸಾರು ತಂದು ಬದುವಿನ ಮೇಲಿಟ್ಟು ಹಿಂದೆ ಸರಿದಳು. ಅವನು ಉಂಡ. ಹೊಂಗೆ ಮರದ ಕೆಳಗೆ ಮಲಗಿದ. ಬೆಳಿಗ್ಗೆ ನೋಡಿದರೆ ಇರಲಿಲ್ಲ. ಆಮೇಲೆ ಅವನು ಬರಲೇ ಇಲ್ಲ.

"ಎಲ್ಲಿಂದ ಬಂದೆ, ಎಲ್ಲಿಂದ ಬಂದೆ ಅಂತ ಎಲ್ರೂ ಕೇಳಿದ್ರು ಕಣೋ. ಯಾಕ್ ಬಂದೆ ಮಗಾ ಅಂತ ಒಬ್ರೂ ಕೇಳ್ಲಿಲ್ಲ" ಅನ್ನುತ್ತಿದ್ದಳು ಅಜ್ಜಿ. ಸಾಯುವವರೆಗೂ ಅವಳಿಗೆ ಅದೊಂದು ಮುಳ್ಳು. ಊರವರು ಮಾಡಿದ್ದು ತಪ್ಪು ಅಂತ ಅವಳು ಯಾವತ್ತೂ ಹೇಳಲಿಲ್ಲ. ಆ ಶೆಡ್ಡುಗಳಲ್ಲಿದ್ದ ಯಾರೂ ಸಾಯಲಿಲ್ಲ. ತಡೆದದ್ದು ಸರಿಯೇ ಇತ್ತು, ಕೇಳದೇ ಇದ್ದದ್ದು ಮಾತ್ರ ಅವಳನ್ನು ಬಿಡಲಿಲ್ಲ.

ಫ್ರೇಜರ್ ಟೌನಿನ ಒಂದು ಬೀದಿಯಲ್ಲಿ ನಡೆಯುತ್ತಾ ನನಗೆ ಥಟ್ಟನೆ ಹೊಳೆಯಿತು. ಈ ಕಥೆಯನ್ನು ಅಜ್ಜಿಯಿಂದ ನನಗಿಂತ ಹೆಚ್ಚು ಸಲ ಕೇಳಿದವಳು ಅಮ್ಮ. ದೀಪಾವಳಿಗೆ ಮುಂಚೆ ಫೋನಿನಲ್ಲಿ ಅವಳು ಸುಮ್ಮನಿದ್ದ ಆ ಹೊತ್ತು ಯಾಕೆ ಅಂತ ಆಗ ಅರ್ಥವಾಯಿತು. ಬರಬೇಡ ಅನ್ನುವುದು ಅವಳಿಗೂ ಸುಲಭವಿರಲಿಲ್ಲ.

ಆಮೇಲೆ ಎರಡು ವಾರ ಎಲ್ಲೂ ತಿರುಗದೆ ಮನೆಯಲ್ಲೇ ಇದ್ದು, ಫೆಬ್ರವರಿಯಲ್ಲಿ ಊರಿಗೆ ಹೋದೆ. ಹೇಳದೇ ಹೋದೆ. ಜಗಲಿಯ ತುದಿಯಲ್ಲಿ ಮಾಸ್ಕ್ ಹಾಕಿಕೊಂಡೇ ಕೂತೆ. ಅಮ್ಮ ನೀರಿನ ಚೊಂಬು ತಂದು ದೂರದಲ್ಲಿಟ್ಟು, ಹಿಂದೆ ಸರಿಯಲಾರದೆ ಅಲ್ಲೇ ನಿಂತಳು. ಒಳಗಿನಿಂದ ಅಪ್ಪ ಕೆಮ್ಮುತ್ತಾ, "ಯಾಕೋ ಬಂದೆ ಈ ಕಾಲ್ದಲ್ಲಿ?" ಅಂದರು.

"ನೋಡ್ಕೊಂಡು ಹೋಗೋಣ ಅಂತ" ಅಂದೆ. ಎರಡು ದಿನ ಜಗಲಿಯಲ್ಲೇ ಮಲಗಿ ವಾಪಸ್ ಬಂದೆ. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂತು, ಆ ಬಾಗಿಲೂ ಮತ್ತೆ ಮುಚ್ಚಿತು. ಅಷ್ಟರಲ್ಲಿ ನೋಡಿ ಬಂದಿದ್ದೆ ಅನ್ನುವುದೇ ಸಮಾಧಾನ.

ಊರಿನಲ್ಲಿದ್ದಾಗ ಕೆರೆಯಾಚೆಯ ಆ ಹೊಲಕ್ಕೂ ಹೋಗಿದ್ದೆ. ತೆಂಗಿನ ತೋಟವಾಗಿದೆ. ಹಳಬರು ಇವತ್ತಿಗೂ ಅದನ್ನು 'ಶೆಡ್ಡಿನ ಹೊಲ' ಅಂತಲೇ ಕರೆಯುತ್ತಾರೆ, ಯಾವ ಶೆಡ್ಡು ಅಂತ ಹುಡುಗರಿಗೆ ಗೊತ್ತಿಲ್ಲ. ನಿಮ್ಮೂರಿನಲ್ಲೂ ಹೀಗೊಂದು ಹೊಲವೋ, ದಿಣ್ಣೆಯೋ, ಪ್ಲೇಗಿನ ಮಾರಮ್ಮನ ಗುಡಿಯೋ ಇರಬಹುದು. ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿ ಬರೆದಿಡಿ. ಆಗ ಊರಿಗೆ ಯಾರು ಬಂದರು, ಎಲ್ಲಿಂದ ಬಂದರು ಅಂತ ಕೇಳಿ. ಹಾಗೇ, ಯಾಕೆ ಬಂದರು ಅಂತಲೂ ಮರೆಯದೆ ಕೇಳಿ.